ಟೋಕನ್ ಹದಿನೇಳು

ಗೋಣಿಕೊಪ್ಪದ ಹೊಸ ಅಂಗಡಿ.
ಬಾಗಿಲಲ್ಲಿ ನಾನು, ನನ್ನ ಬೆನ್ನಿಗೆ
ಇಪ್ಪತ್ತನಾಲ್ಕು ಕೊಕ್ಕೆ, ಇಪ್ಪತ್ತನಾಲ್ಕು ಹಿತ್ತಾಳೆ ಬಿಲ್ಲೆ.
ಬ್ಯಾಗ್, ಹೆಲ್ಮೆಟ್, ಕೊಡೆ ಇಲ್ಲೇ ಇಡಿ
ಎಂಬ ಬೋರ್ಡಿನ ಕೆಳಗೆ ಮೊಯ್ದು ಕಾಕ
ಮೊನ್ನೆ ಬೇರೆ ಬಣ್ಣದಲ್ಲಿ ಸೇರಿಸಿದರು:
ಕೋವಿ ಕೂಡ.

ಕೈಲ್ ಪೊಳ್ದ್ ದಿನ ಯಾರೋ ಹುಡುಗ
ಕೋವಿ ಹೆಗಲಿಗೇರಿಸಿ
ಐಸ್‌ಕ್ರೀಮ್ ಫ್ರಿಜ್ಜಿನ ಮುಂದೆ ಫೋಟೋ ತೆಗೆಸಿಕೊಂಡ.
ಮೈಸೂರಿನ ಹೆಂಗಸೊಬ್ಬಳು
ಮಗುವನ್ನೆತ್ತಿ ಓಡಿದಳು, ತಳ್ಳುಗಾಡಿ ಅಲ್ಲೇ ಬಿಟ್ಟು.
ಅದರಲ್ಲಿದ್ದ ಹಾಲು ಸಂಜೆಗೆ ಒಡೆದಿತ್ತು.

ಎಂಟು ದಿನ ಕಳೆದು ಉತ್ತಯ್ಯ ಬಂದರು.
ಕಪ್ಪು ಕುಪ್ಪಸವಲ್ಲ, ಬಿಳಿ ಅಂಗಿ.
ಬೋರ್ಡನ್ನು ಎರಡು ಸಲ ಓದಿದರು,
ಕೊನೆಯ ಸಾಲನ್ನು ಮೂರು ಸಲ.
ಮಾತಿಲ್ಲದೆ ನಳಿಗೆ ಮುರಿದು ತೋರಿಸಿದರು: ಖಾಲಿ.
ಎರಡು ತೂತಿನಾಚೆ ಎರಡು ದುಂಡು ಬೆಳಕು.
'ತೋಟೆ ಎರಡಿವೆ ಜೇಬಿನಲ್ಲಿ.
ಅವನ್ನೂ ಇಡಲೋ?'

ತೋಟೆಯ ಬಗ್ಗೆ ಬೋರ್ಡು ಏನೂ ಹೇಳುವುದಿಲ್ಲ.
ನಾನೂ ಹೇಳಲಿಲ್ಲ.

ಬಿಲ್ಲೆ ಹದಿನೇಳು ಅವರ ಕೈಗೆ.
ರಿಜಿಸ್ಟರಿನಲ್ಲಿ ಇರುವುದು ಮೂರೇ ಕಾಲಂ.
ಮೂರನೆಯದರಲ್ಲಿ ಗೀಟೆಳೆದೆ: ಕೊಡೆ, ಒಂದು.
ಕೊಡೆ ಎಂದು ಬರೆದವಳೇ
ಕೊಡಬೇಕಲ್ಲ ಮತ್ತೆ, ಎನಿಸಿ ನಗು ಬಂತು.
ಕನ್ನಿಕೋಂಬರೆಯಲ್ಲಿ ದೀಪದೆದುರು ನಿಂತದ್ದು
ನನ್ನ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನಿಂತಿತು
ನೀರು ಸೋರುವ ಎರಡು ಛತ್ರಿಗಳ ನಡುವೆ.
ಪಟ್ಟಿಯ ಬಕ್ಕಲ್ಲಿಗೆ ಸಿಕ್ಕಿಕೊಂಡು
ತೋಕ್ ಪೂವಿನ ಒಂದೆಸಳು, ಒಣಗಿ ಕಂದಾಗಿತ್ತು.

ಅಪ್ಪನ ಮೀನಖಂಡದಲ್ಲಿ ಇನ್ನೂ ಮೂರು ಚಿಲ್ಲು ಇವೆ.
ಕಾಫಿ ಗಿಡದ ಸಂದಿಯಲ್ಲಿ ಸೌದೆ ಆಯುತ್ತಿದ್ದ.
ಹಂದಿ ಅಂದುಕೊಂಡೆವು, ಅಂದರಂತೆ.
ಆಸ್ಪತ್ರೆಗೆ ಅವರೇ ಹೊತ್ತು ತಂದರು, ಜೀಪೂ ಅವರದೇ,
ಅಕ್ಕಿಯನ್ನೂ ಕಳಿಸಿದರು ಒಂದು ವರ್ಷ.
ಚಳಿ ಬಿದ್ದ ಬೆಳಿಗ್ಗೆ ಆ ಚಿಲ್ಲುಗಳು ಏಳುತ್ತವೆ
ಅಪ್ಪನಿಗಿಂತ ಮೊದಲು.

ಬಕೆಟ್ ವಾಲಿತು. ಹಿಡಿದುಕೊಂಡೆ.
ಹಿಡಿ ತಣ್ಣಗಿತ್ತು, ಎಣ್ಣೆಯ ವಾಸನೆ,
ಹೊಲಿಗೆ ಮಿಷಿನ್ನಿನದೇ ವಾಸನೆ.
ಅಷ್ಟು ಭಾರವಿರುತ್ತದೆಂದು
ಯಾರೂ ಹೇಳಿರಲಿಲ್ಲ ನನಗೆ.
ಅಷ್ಟೇ ಭಾರ ಎಂದೂ.

ಕರ್ಪೂರ, ತೆಂಗಿನಕಾಯಿ, ಬಿಳಿ ಬಟ್ಟೆ ನಾಲ್ಕು ಮೀಟರ್.
ಬಿಲ್ಲು ನೋಡಿದಾಗ ತಿಳಿಯಿತು ಎಲ್ಲಿಗೆಂದು.
ಕೇಳಲಿಲ್ಲ, ಅವರೇ ಹೇಳಿದರು:
'ಅಕ್ಕ. ತೊಂಬತ್ತೊಂದು.
ಮನೆಯಲ್ಲಿ ಗುಂಡು ಹಾರಿಸಲು
ಬೇರೆ ಯಾರಿಗೂ ಬರುವುದಿಲ್ಲ ಈಗ.'
ನಾನು ಎತ್ತಿ ಕೊಟ್ಟೆ, ಎರಡೂ ಕೈಯಲ್ಲಿ,
ನಳಿಗೆ ಮಾಡಿನ ಕಡೆಗೆ.
ಹಾಗೆ ಕೊಡಬೇಕೆಂದು ಅಪ್ಪ ಹೇಳಿದ್ದನೋ,
ಕಾಲು ನೋಡಿ ನಾನೇ ಕಲಿತೆನೋ.

ಮಧ್ಯಾಹ್ನ ಎರಡೂವರೆ. ದೂರದಲ್ಲಿ ಒಂದು,
ಉಸಿರೆಳೆಯುವಷ್ಟರಲ್ಲಿ ಇನ್ನೊಂದು.
ಬೇಳೆ ತೂಗುತ್ತಿದ್ದ ಹುಡುಗ ಕೈ ನಿಲ್ಲಿಸಿದ.
ಸಾಲಿನಲ್ಲಿದ್ದ ಇಬ್ಬರು ಪರಸ್ಪರ ನೋಡಿದರು:
ಯಾರು?
ತಕ್ಕಡಿಯ ಮುಳ್ಳು ಮಾತ್ರ ಆಡುತ್ತಲೇ ಇತ್ತು.

ರಾತ್ರಿ ಲೆಕ್ಕ ಕೊಡುವಾಗ
ಕೊಕ್ಕೆಯಲ್ಲಿ ಇಪ್ಪತ್ಮೂರು ಬಿಲ್ಲೆ.
ಬಿಲ್ಲೆ ಕಳೆದರೆ ಐವತ್ತು ರೂಪಾಯಿ,
ಅದೂ ಬೋರ್ಡಿನಲ್ಲಿದೆ.
'ಹದಿನೇಳು ಎಲ್ಲಿ?' ಅಂದರು ಮೊಯ್ದು ಕಾಕ.
ಕೊಡೆಯವರು, ಅಂದೆ,
ಮಳೆ ನಿಂತ ಮೇಲೆ ತಂದುಕೊಡುತ್ತಾರೆ.