ಒತ್ತುವರಿ

ಮಡಿಕೇರಿ ಆಸ್ಪತ್ರೆಯ ಎರಡನೇ ಮಹಡಿ.
ನನ್ನ ಕೋಣೆಗೆ ಒಂದೇ ಕಿಟಕಿ,
ಅದರ ಗಾಜಿಗೆ ಮೈಸೂರಿನಿಂದ ಬಂದ ಫಿಲ್ಮು ಅಂಟಿಸಿದ್ದೇನೆ.
ಮಂಜು ಸರಿದರೆ ಮಿದುಳು ಕಾಣುತ್ತದೆ.

ಎದುರಿಗೆ ಪಳಂಗಪ್ಪ, ಸರ್ವೆ ಇಲಾಖೆ, ನಿವೃತ್ತ.
ಜಮ್ಮ ಎಲ್ಲಿ ಮುಗಿದು ಬಾಣೆ ಎಲ್ಲಿ ಶುರು,
ದೇವರಕಾಡಿನ ಕಲ್ಲು ಯಾವ ಪೊದೆಯ ಒಳಗೆ,
ಕಾಲಿಗೇ ಗೊತ್ತಿದ್ದ ಮನುಷ್ಯ.
ಈಗ ಬಲಗೈ ಯಾರೋ ಮರೆತುಹೋದ ಸಾಮಾನಿನಂತೆ
ಮಡಿಲಲ್ಲಿ ಇದೆ.

ಲೋಟ ತೋರಿಸಿದೆ. "ಕಡಂಗ" ಎಂದರು.
ಬಾಚಣಿಗೆ. ಕಡಂಗ.
ಬೀಗದಕೈ, ನನ್ನ ಮೂಗು,
ಕೊಡೆ ಮಡಚುತ್ತ ಕೂತ ಹೆಂಡತಿ ದೇಚಮ್ಮ,
ಕಡಂಗ, ಕಡಂಗ, ಕಡಂಗ.
"ಇಷ್ಟು ವರ್ಷ ಕರೆದದ್ದಕ್ಕಿಂತ ಇದೇ ವಾಸಿ"
ಎಂದರು ದೇಚಮ್ಮ, ಕೊಡೆಗೆ.

ಫಿಲ್ಮು ನೋಡಿದರೆ ಅವರ ಮಾತು ಪೂರ್ತಿ ತಪ್ಪಲ್ಲ.
ಒತ್ತೊತ್ತಾಗಿ ಮಡಿಸಿಟ್ಟ ಬೂದು ಗುಡ್ಡ,
ನಡುನಡುವೆ ಕಂದಕ,
ಹಿಂದಿನವರು ನಾಡಿಗೂ ನಾಡಿಗೂ ಮಧ್ಯೆ
ತೋಡಿಟ್ಟು ಹೋದ ಹಾಗೆ.

ಗೋಡೆಯ ಪಟ ತೋರಿಸಿ ಹೇಳಿದೆ:
ಜರ್ಮನಿಯಲ್ಲಿ ಒಬ್ಬರು, ನೂರು ವರ್ಷದ ಮೇಲಾಯಿತು,
ಮಿದುಳ ಹೊದಿಕೆಯನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ,
ಕೋಶಗಳ ಸಾಲು ಎಲ್ಲಿ ಬೇರೆಯಾಯಿತೋ
ಅಲ್ಲೊಂದು ಗಡಿ, ಒಳಗೊಂದು ನಂಬರು.

ಎಡಗೈ ಬೆರಳು ಪಟದ ಮೇಲೆ ನಡೆಯಿತು.
ಹತ್ತು, ಹನ್ನೊಂದು...
ಹದಿನೇಳರ ಹತ್ತಿರ ನಿಂತು ಹಿಂದೆ ಬಂತು, ಮತ್ತೆ ಹೋಯಿತು.
ದಫ್ತರ ಕಳೆದ ಶಾನುಭೋಗನನ್ನು ನೋಡುವಂತೆ
ನನ್ನನ್ನು ನೋಡಿದರು. "ಕಡಂಗ?"
ಹದಿಮೂರು ಎಲ್ಲಿ? ಹದಿನಾಲ್ಕು? ಹದಿನೈದು, ಹದಿನಾರು?

"ಅವು ಕೋತಿಯಲ್ಲಿ ಗುರುತಿಸಿದ್ದು ಸಾರ್,
ನಮ್ಮ ನಕ್ಷೆಯಲ್ಲಿ ಇಲ್ಲ.
ಖಾತೆ ಕೋತಿ ಹೆಸರಿಗಿದೆ."
ನಕ್ಕರು. ಜೋರಾಗಿ, ಪೂರ್ತಿ.
ನಗುವಿನ ಸರ್ವೆ ನಂಬರು ಬೇರೆ,
ಅಲ್ಲಿಗೆ ನೀರು ನುಗ್ಗಿಲ್ಲ.

ಈಗ ಮರುಸರ್ವೆ ಆಗಿದೆ ಎಂದೆ,
ಒಂದು ಪಕ್ಕಕ್ಕೇ ನೂರೆಂಬತ್ತು, ಪೋಡಿಯ ಮೇಲೆ ಪೋಡಿ,
ಒಬ್ಬರ ಗಡಿ ಇನ್ನೊಬ್ಬರ ತಲೆಗೆ ಸರಿಯಾಗಿ ಕೂಡುವುದಿಲ್ಲವಂತೆ.
ಅದಕ್ಕೆ ಮಾತ್ರ ತಲೆಯಾಡಿಸಿದರು,
ಹೊಸ ವಿಷಯವೇನಲ್ಲ ಎನ್ನುವ ಹಾಗೆ.

ಆಮೇಲೆ ನನ್ನ ಕೆಂಪು ಪೆನ್ಸಿಲು ಕಿತ್ತುಕೊಂಡು
ಕಿಟಕಿಗೆ ಹೋಗಿ
ಎಡಪಕ್ಕದ ಆ ಕಪ್ಪು ಕಲೆಯ ಮೇಲೆ,
ನಲವತ್ತನಾಲ್ಕು ಇರಬೇಕಾದ ಕಡೆ,
ಓರೆ ಗೆರೆ ಎಳೆದರು, ನಿಧಾನವಾಗಿ, ಸಮ ಅಂತರದಲ್ಲಿ.
"ಪೈಸಾರಿಗೆ ಹಾಗೇ ಗುರುತು ಹಾಕುತ್ತಿದ್ದರು" ಎಂದರು ದೇಚಮ್ಮ.
ಕೊಡೆ ಬಿಚ್ಚಿ ಮತ್ತೆ ಮಡಚಿದರು.

ಪೈಸಾರಿ ಎಂದರೆ ಖಾಲಿಯಲ್ಲ,
ಈ ಜಿಲ್ಲೆಯಲ್ಲಿ ಅದನ್ನು ಯಾರಿಗೆ ಹೇಳಬೇಕು?
ಪಕ್ಕದವನು ರಾತ್ರಿ ಬೇಲಿ ಎರಡು ಮಾರು ಸರಿಸುತ್ತಾನೆ,
ನಾಲ್ಕು ಮೆಣಸಿನ ಬಳ್ಳಿ, ಒಂದು ಬಾಳೆ,
ಮೂರನೇ ವರ್ಷಕ್ಕೆ ಅವನದೇ.
ಅಂಥವರ ಮೇಲೆ ಮೂವತ್ತೊಂದು ವರ್ಷ ವರದಿ ಬರೆದವರಿಗೆ
ವಾರಕ್ಕೆರಡು ದಿನ
ನಾನು ಒತ್ತುವರಿ ಕಲಿಸುತ್ತಿದ್ದೇನೆ.
ನೆರೆಯ ಆರನೇ ನಂಬರೇ, ಬಾ, ಬೇಲಿ ಸರಿಸು.

ಮೊನ್ನೆ ಲೋಟ ತೋರಿಸಿದಾಗ
"ಕ..." ಎಂದು ನಿಂತರು.
ತುಟಿ ಬೇರೇನನ್ನೋ ಹುಡುಕಿ ಮುಚ್ಚಿಕೊಂಡಿತು.

ಯಾರೋ ಒಳಗೆ ಕಾಲಿಟ್ಟಿದ್ದಾರೆ.
ನಾನಿನ್ನೂ ವರದಿ ಬರೆದಿಲ್ಲ.