ಸೈಡ್ ಸ್ಟ್ಯಾಂಡು

ಶಿವರಾಂಪೇಟೆಯ ಮಹಡಿ. ಕುಲುಮೆಯಿಲ್ಲ,
ಒಂದು ಗ್ಯಾಸ್ ಟಾರ್ಚು, ಅಪ್ಪನ ಚಿಮಟ.
ಬಂದವರು ಹೃದಯ ಕೇಳುತ್ತಾರೆ,
ಇಲ್ಲವೇ ಜೋಡಿಗಿಳಿ.
ಒಲ್ಲೆ ಎನ್ನುವುದಿಲ್ಲ, ಬಾಡಿಗೆ ಕಟ್ಟಬೇಕು.
ಆದರೂ ಕೇಳುತ್ತೇನೆ:
ಅವರು ನಿಮಗೆ ಏನು ಮಾಡುತ್ತಿದ್ದರು?

ಚಿಕ್ಕತಾಯಮ್ಮ,
ಊದುಬತ್ತಿ ಹೊಸೆದ ಬೆರಳು ಇನ್ನೂ ಕಪ್ಪು,
ಬಹಳ ಹೊತ್ತು ಯೋಚಿಸಿದರು.
"ಏನಿಲ್ಲ ಕಣವ್ವ. ಫ್ಯಾಕ್ಟ್ರಿ ಬುಡೋ ಹೊತ್ಗೆ
ಗೇಟ್ ತಾವ ಸೈಕಲ್ ಸ್ಟ್ಯಾಂಡ್ ಹಾಕಂಡು
ನಿಂತಿರೋರು.
ಮಾತು ಕತೆ ಏನೂ ಇಲ್ಲ."

ಅಪ್ಪನ ಅಚ್ಚುಗಳಲ್ಲಿ ಮಾವು, ತಾವರೆ, ಹಂಸ;
ಸೈಕಲ್ಲಿನ ಕಾಲು ಎಲ್ಲೂ ಇಲ್ಲ.
ಮೂರು ದಿನ ಗೀಚಿದೆ.
ಬೆಳ್ಳಿ ಕಂಬಿ ಕಾಯಿಸಿ, ಬಡಿದು, ತುದಿ ಚಪ್ಪಟೆ ಮಾಡಿ
ಹೊರಕ್ಕೆ ತುಸು ಬಾಗಿಸಿದೆ,
ನೆಲ ಕಚ್ಚುವ ಆ ಪುಟ್ಟ ಪಾದ.
ಹೊಳಪು ಕೊಡಲಿಲ್ಲ.
ಅದು ಗೇಟಿನ ಹೊರಗೆ ನಿಂತದ್ದು.

ಕರಿದಾರಕ್ಕೆ ಪೋಣಿಸಿ ಕಟ್ಟಿಕೊಂಡರು,
ಕನ್ನಡಿ ಬೇಡವೆಂದರು.
ಕೊರಳ ಗುಳಿಯಲ್ಲಿ ಅದು ನೆಟ್ಟಗಿಲ್ಲ,
ಒಂದು ಕಡೆಗೇ ಜಾರುತ್ತಿದೆ.
ಕೊಂಡಿ ಬದಲಿಸೋಣವೆಂದು ಕೈ ಚಾಚಿದೆ.
ಮೆಲ್ಲಗೆ ತಡೆದರು:
"ವಾಲ್ಕಳ್ಳಿ ಬುಡವ್ವ.
ಅದು ನಿಂತ್ಕಳದೇ ಹಂಗೆ."