ಕೇಜು ಇಳಿಯೋವಾಗ

ಹಟ್ಟಿ ಕ್ಯಾಂಪಿನ ತರಬೇತಿ ಕೋಣಿ ಗುಡಿಸೋದು ನನ್ನ ಕೆಲಸ.
ಹೊಸದಾಗಿ ಸೇರಿದ ಹುಡುಗರು ಅಲ್ಲಿ
ಕುರ್ಚಿ ಮ್ಯಾಲೆ ಕುಂತು ಗಣಿಗೆ ಇಳೀತಾರ.
ಗಾಣದೆತ್ತಿನ ಕಣ್ಪಟ್ಟಿಯಂಥ ಕರಿ ಡಬ್ಬಿ ಕಣ್ಣಿಗೆ,
ಕೈಯಾಗ ಎರಡು ಹಿಡಿಕಿ.
ಒಬ್ಬ ಗಾಳಿಗೆ ಬಗ್ಗತಾನ, ಇನ್ನೊಬ್ಬ ಇಲ್ಲದ ಏಣಿ ಹತ್ತತಾನ,
ನಿನ್ನೆ ಒಬ್ಬಾಂವ ‘ಕಲ್ಲು ಬಿತ್ತೋ’ ಅಂತ ಚೀರಿ
ನನ್ನ ಬಕೀಟಿನಾಗ ಕಾಲಿಟ್ಟ.

ತಬಸ್ಸುಮ್ ಮೇಡಂ ನಗೋದಿಲ್ಲ. ಲಿಂಗಸುಗೂರಿನಾಕಿ.
ಯಾರ ಎದಿ ಎಷ್ಟು ಹೊಡಕೊಂಡಿತು, ಯಾರು ಎಡಕ್ಕ ಓಡಿದರು,
ಓಡೋ ಮುಂದ ಪಕ್ಕದಾಂವನ ಕೈ ಹಿಡಿದರೋ ಬಿಟ್ಟರೋ
ಎಲ್ಲಾ ಬರಕೋತಾಳ. ಅದರ ಮ್ಯಾಲೇ ಆಕಿ ಪಿಎಚ್‌ಡಿ.

ಒಂದು ಶನಿವಾರ, ಎರಡನೇ ಪಾಳಿಯ ಸೈರನ್ ಆದ ಮ್ಯಾಲೆ,
‘ದ್ಯಾವಮ್ಮಾ, ನೀನೂ ನೋಡತಿಯೇನು?’ ಅಂದಳು.
ಒದ್ದಿ ಕೈ ಸೆರಗಿಗೆ ಒರಿಸಿಕೊಂಡೆ.

ನಮ್ಮ ಮನಿಯಾಂವ ಇಪ್ಪತ್ತೆರಡು ವರ್ಷದಿಂದ ಕೆಳಗ ಹೋಗತಾನ.
ಏನೈತಿ ಕೆಳಗ ಅಂದರ
‘ಕಲ್ಲು’ ಅಂತಾನ.
ಲಗ್ನದ ವರ್ಷ ಕೇಳಿದೆ: ಕಲ್ಲು.
ಮಗಳು ಹುಟ್ಟಿದಾಗ ಕೇಳಿದೆ: ಕಲ್ಲು.
ಗ್ಯಾಸಿನಾಗ ಸಿಕ್ಕು ಮೂರು ದಿನ ದವಾಖಾನಿಯಾಗ ಮಲಗಿದ್ದ,
ಆವಾಗ ಕೇಳಲಿಲ್ಲ.

ಡಬ್ಬಿ ಕಣ್ಣಿಗೆ ಬಿತ್ತು.
ಗಂಟಿ ಮೂರು ಸಲ. ಕೇಜು ನಡುಗಿತು.
ನಾನು ನಿಂತಲ್ಲೇ, ಕಲ್ಲು ಮ್ಯಾಲಕ್ಕ ಓಡಿತು.
ಕರಿ ಕೌದಿ ಮ್ಯಾಲೆ ಬಿಳಿ ದಾರದ ಹೊಲಿಗಿಯಂಗ
ಗೆರಿ, ಗೆರಿ, ಗೆರಿ.
ಒಂದು ಬೋಲ್ಟಿನ ತುಕ್ಕು
ಅಳೋ ಹುಡುಗನ ಮೂಗಿನಂಗ ಸೋರಿತ್ತು.
ಎರಡು ಸಾವಿರ ಅಡಿ.
ಗ್ವಾಡಿ ಮುಟ್ಟಲಿಕ್ಕೆ ಕೈ ಚಾಚಿದೆ:
ಬರೀ ಫ್ಯಾನಿನ ಗಾಳಿ, ನಾನೇ ಹಾಕಿದ ಫಿನಾಯಿಲ್ ವಾಸನಿ.

ರಾತ್ರಿ ರೊಟ್ಟಿ ಬಡಿಯುತ್ತ ಅಂದೆ:
‘ಎಡಕ್ಕ ಹೊಳ್ಳೋವಾಗ ಮಾಳಿಗಿ ಗಿಡ್ಡ ಐತಿ,
ತಲಿ ಜ್ವಾಕಿ.’
ಅವನ ತುತ್ತು ಪುಂಡಿಪಲ್ಯದಾಗೇ ನಿಂತಿತು.
‘ಯಾರು ಹೇಳಿದರು?’
‘ಯಾರೂ ಹೇಳಿಲ್ಲ. ನೋಡೀನಿ.’
ಸಿಟ್ಟಾದ ಮೊದಲು, ತನ್ನ ಪೆಟಿಗಿ ಯಾರೋ ತೆಗೆದಂಗ.
ಆಮ್ಯಾಲೆ ನಕ್ಕ. ಆಮ್ಯಾಲೆ
‘ಸುಳ್ಳದು,’ ಅಂದ, ‘ಅಲ್ಲಿ ನೀರು ಬೀಳತೈತಿ,
ಕುತ್ತಿಗಿ ಮ್ಯಾಲೇ ಹನಿ, ಬೆಚ್ಚಗ, ಉಪ್ಪುಪ್ಪು.
ಇಲಿ ಕಂಡವೇನು? ಇಲ್ಲ?
ಇಲಿ ಇಲ್ಲದ್ದು ಎಂಥ ಗಣಿ!
ನಮ್ಮ ಬುತ್ತಿಯ ಮೊದಲ ತುತ್ತು ಅವಕ್ಕ.
ಅವು ಓಡಿದರ ನಾವೂ ಓಡಬೇಕು, ಸೈರನ್ ಕಾಯಬಾರದು.’
ಬಾಯಿಗಿಟ್ಟ ಕಲ್ಲು ಸರಿದಂಗ ಮಾತು ಬಂದವು.
ಹಂಚು ತಣ್ಣಗಾತು. ಹಿಟ್ಟು ಇನ್ನೂ ಎರಡು ರೊಟ್ಟಿದು ಇತ್ತು.

ಸೋಮವಾರ ಮೇಡಂಗ ಒಪ್ಪಿಸಿದೆ: ನೀರು, ಉಪ್ಪು, ಇಲಿ.
ಆಕಿ ಪೆನ್ನು ಎತ್ತಿ, ‘ಯಾರು ಹೇಳಿದ್ದು ಅಂತ ಬರೀಲಿ?’
‘ನಮ್ಮ ಮನಿಯಾಂವ.’
‘ಹೆಸರು?’
‘ಅಮರಪ್ಪ.’
ಒಡಪಿಲ್ಲದ, ನಾಚಿಕಿಲ್ಲದ, ಗಂಡನ ಹೆಸರು
ಹೀಂಗ ಬಾಯಿತುಂಬ ಹೇಳಿದ್ದು ಅದೇ ಮೊದಲು.

ಈಗ ಆ ಡಬ್ಬಿಯೊಳಗ ಮೂರು ಇಲಿ ಬಂದಾವ.
ಹುಡುಗರು ಅವನ್ನ ಕಂಡು ನಗತಾರ,
ಒಬ್ಬಿಬ್ಬರು ಮಾತ್ರ ಓಡತಾರ.
ಅವರನ್ನ ನಾನು ಗುರುತಿಟ್ಟುಕೊಂಡೀನಿ.

ಮೊನ್ನೆ ದೀಪ ಆರಿಸಿ ಮಲಗಿದಾಗ ಅಂವ ಕೇಳಿದ,
ಮೆಲ್ಲಗ, ಮಗಳಿಗೆ ಕೇಳದಂಗ:
‘ಕೇಜು ಇಳಿಯೋವಾಗ ಏನು ಕಾಣತೈತಿ?’
‘ನಿನಗ ಗೊತ್ತಿಲ್ಲೇನು?’
‘ಮೊದಲ ದಿನದಿಂದ ಕಣ್ಣು ಮುಚ್ಚೇ ಇಳೀತೀನಿ.
ತಳಕ್ಕ ಹತ್ತೋತನ ತೆರೆಯೋದಿಲ್ಲ.’

ದೂರ ಮಿಲ್ಲಿನಾಗ ಕಲ್ಲು ನುರೀತಿತ್ತು.
ಕತ್ತಲದಾಗ ಕೈ ಚಾಚಿದೆ.
ಈ ಸಲ ಸಿಕ್ಕಿತು, ಒರಟು, ಬೆಚ್ಚಗ.
‘ಕೌದಿ ಐತಿ,’ ಅಂದೆ. ‘ಕರಿ ಕೌದಿ. ಅದರ ಮ್ಯಾಲೆ ಬಿಳಿ ದಾರ…
ಕಣ್ಣು ಮುಚ್ಚು, ಹೇಳತೀನಿ.’